ಟ್ರೇಲರಿನ ನೆಲ ಕಿತ್ತಾಗ

ನಮ್ಮಲ್ಲಿ ಮನೆ ಕಟ್ಟುವವರು ನೆಲವನ್ನು ಹಾಸುವುದು ಕೊನೆಯಲ್ಲಿ. ತಳಪಾಯ, ಗೋಡೆ, ತಾರಸಿ, ಗಿಲಾವು ಎಲ್ಲ ಮುಗಿದ ಮೇಲೆ ಟೈಲ್ಸಿನವರು ಒಳಗೆ ಕಾಲಿಡುತ್ತಾರೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಟ್ರಾವೆಲ್ ಟ್ರೇಲರಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಮರದ ಪಟ್ಟಿಗಳು, ಅವುಗಳ ಮೇಲೆ ಪ್ಲೈವುಡ್ ಅಥವಾ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆ, ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಾಳೆಯಾಗಿ ಬಿಚ್ಚಿ ಹಾಸಿದ ವಿನೈಲ್, ಇಷ್ಟು ಮೊದಲು ಸಿದ್ಧವಾಗುತ್ತದೆ. ಅಡುಗೆಕಟ್ಟೆ, ಮಂಚದ ಪೆಟ್ಟಿಗೆ, ಬಚ್ಚಲು, ಕಪಾಟುಗಳು, ಕೊನೆಗೆ ಗೋಡೆ ಮತ್ತು ಚಾವಣಿ, ಇವೆಲ್ಲ ಆ ವಿನೈಲಿನ ಮೇಲೆಯೇ ಬಂದು ಕೂರುತ್ತವೆ. ಕಾರ್ಖಾನೆಯ ಸಾಲಿನಲ್ಲಿ ಬೇಗಬೇಗ ಕೆಲಸ ಮುಗಿಸುವವರಿಗೆ ಇದು ಅನುಕೂಲ. ಮೂಲೆ ಮೂಲೆಗೂ ಅಳತೆ ತೆಗೆದು ಕತ್ತರಿಸುವ ಗೋಜಿಲ್ಲ. ಇಪ್ಪತ್ತು ವರ್ಷಗಳ ನಂತರ ಅದೇ ನೆಲವನ್ನು ಬದಲಾಯಿಸಲು ಹೊರಟವರಿಗೆ ಮಾತ್ರ, ಇಡೀ ಮನೆಯೇ ಒಂದು ಹಾಳೆಯ ಮೇಲೆ ನಿಂತಿದೆ ಎನ್ನುವುದು ಆಗ ಅರಿವಿಗೆ ಬರುತ್ತದೆ.

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ನಮ್ಮ ಟ್ರೇಲರ್ 2004ರಲ್ಲಿ ತಯಾರಾದದ್ದು, ನಮಗೆ ಬಂದದ್ದು ಸೆಕೆಂಡ್ ಹ್ಯಾಂಡಾಗಿ. ಈ ದೇಶದ ಇಂಥ ಗಾಲಿಮನೆಗಳಲ್ಲಿ ಬಹುಪಾಲು ತಯಾರಾಗುವುದು ನಮ್ಮ ಪಕ್ಕದ ಇಂಡಿಯಾನಾ ರಾಜ್ಯದ ಉತ್ತರ ಭಾಗದಲ್ಲಿ, ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ. ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು ಹಿಂದೆ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿದವರು. ಮೇಲೆ ಹೇಳಿದ ಕ್ರಮವನ್ನು ನನಗೆ ಮೊದಲು ಬಿಡಿಸಿ ಹೇಳಿದವರು ಅವರೇ. "ನೆಲವನ್ನು ಬದಲಾಯಿಸಬೇಡಿ, ಕಾಣುವಷ್ಟನ್ನು ಬದಲಾಯಿಸಿ" ಎಂದು ಅವರು ಹೇಳಿದಾಗ ಅದು ಸೋಮಾರಿತನದ ಸಲಹೆಯಂತೆ ಕೇಳಿಸಿತ್ತು. ಕಪಾಟುಗಳನ್ನು ಗೋಡೆಯ ಹಿಂಬದಿಯಿಂದ ಮತ್ತು ನೆಲದ ತಳದಿಂದ ತಿರುಪು ಹಾಕಿ ಬಿಗಿದಿರುತ್ತಾರೆ, ಆ ತಿರುಪುಗಳ ತಲೆ ಈಗ ಹೊರಗೋಡೆಯ ಒಳಗೆ ಸೇರಿಹೋಗಿದೆ ಎಂದು ಅವರು ತೋರಿಸಿದ ಮೇಲೆ ನಾನು ಮರುಮಾತಾಡಲಿಲ್ಲ.

ನೆಲ ಕೆಟ್ಟಿದೆ ಎಂಬುದನ್ನು ಪತ್ತೆಹಚ್ಚಿದ್ದು ನನ್ನ ಅಮ್ಮ. ಶಿವಮೊಗ್ಗದಿಂದ ಬೇಸಿಗೆಗೆಂದು ಬಂದಿದ್ದ ಅವರು ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಒಳಗೆ ಹೋದವರು, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ನಿಂತು, "ಏನೇ ಇದು, ಇಲ್ಲಿ ಕಾಲು ಕುಸಿದ ಹಾಗಾಗುತ್ತಲ್ಲ?" ಎಂದರು. ಶೂ ಹಾಕಿಕೊಂಡೇ ಓಡಾಡುವ ಇಲ್ಲಿನವರಿಗೆ ಈ ಮೆತ್ತನೆ ಬೇಗ ತಿಳಿಯುವುದಿಲ್ಲ. ಹಳೆಯ ಟ್ರೇಲರ್ ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರಿಗೆ ನಾನು ಹೇಳುವುದಿಷ್ಟೆ: ಬರಿಗಾಲಲ್ಲಿ ಹೋಗಿ. ಬಾಗಿಲ ಹೊಸ್ತಿಲು, ಟಾಯ್ಲೆಟ್ಟಿನ ಬುಡ, ಸಿಂಕಿನ ಕೆಳಗೆ, ನಾಲ್ಕು ಮೂಲೆಗಳು, ಇಷ್ಟು ಕಡೆ ಹಿಮ್ಮಡಿ ಊರಿ ನಿಂತರೆ ಮಾರುವವರು ಹೇಳದ ಸಂಗತಿಗಳು ತಾವಾಗಿಯೇ ತಿಳಿಯುತ್ತವೆ.

ಮೇಲಿನ ವಿನೈಲಿನಲ್ಲಿ ಎರಡು ಬಗೆಯ ಕೇಡು ಕಾಣುತ್ತಿತ್ತು. ಒಂದು, ಊಟದ ಮೇಜಿನ ಬಳಿ ಉದ್ದಕ್ಕೆ ಹರಿದ ಸೀಳು. ಇನ್ನೊಂದು, ಬಾಗಿಲ ಹತ್ತಿರ ಕಂದು ಬಣ್ಣದ ಕಲೆ ಮತ್ತು ಉಬ್ಬು. ಮೊದಲನೆಯದು ಚಳಿಯ ಕೆಲಸ. ವಿನೈಲ್ ಹಾಳೆಯ ಮೂಲವಸ್ತುವಾದ ಪಿವಿಸಿ ಎಂಬ ಪ್ಲಾಸ್ಟಿಕ್ ತನ್ನಷ್ಟಕ್ಕೆ ಗಡುಸು. ಅದಕ್ಕೆ ಮೃದುಕಾರಿ ರಾಸಾಯನಿಕಗಳನ್ನು ಬೆರೆಸಿದರೆ ಬಾಗುವ, ಮಡಚುವ ಹಾಳೆಯಾಗುತ್ತದೆ ಎಂಬುದನ್ನು ವಾಲ್ಡೊ ಸೆಮನ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ 1926ರಲ್ಲಿ ಕಂಡುಕೊಂಡ. 1933ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ವಿನೈಲ್ ನೆಲ ಜನರ ಕಣ್ಣಿಗೆ ಬಿತ್ತು. ಎರಡನೆಯ ಮಹಾಯುದ್ಧದ ನಂತರ ಅಗಸೆ ಎಣ್ಣೆಯಿಂದ ಮಾಡುತ್ತಿದ್ದ ಲಿನೋಲಿಯಂ ಅನ್ನು ಅದು ಅಡುಗೆಮನೆಗಳಿಂದ ಹಿಂದಕ್ಕೆ ತಳ್ಳಿತು. ಆದರೆ ಆ ಮೃದುಕಾರಿಗಳು ಹಾಳೆಯಲ್ಲಿ ಶಾಶ್ವತವಾಗಿ ನಿಲ್ಲುವುದಿಲ್ಲ. ಬಿಸಿಲಿಗೆ, ಸೆಕೆಗೆ, ಕಾಲಕ್ಕೆ ಸ್ವಲ್ಪ ಸ್ವಲ್ಪವೇ ಹೊರಬಂದು ಹಾಳೆ ಗಡುಸಾಗುತ್ತಾ ಹೋಗುತ್ತದೆ. ಮಿಶಿಗನ್ನಿನ ಜನವರಿಯಲ್ಲಿ ಅಂಗಳದಲ್ಲಿ ನಿಂತ ಟ್ರೇಲರಿನ ಒಳಗೂ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ಇರುವ ರಾತ್ರಿಗಳುಂಟು. ಹಾಳೆ ಕುಗ್ಗುತ್ತದೆ, ಅದರ ಅಂಚುಗಳನ್ನು ಕಾರ್ಖಾನೆಯಲ್ಲೇ ಸ್ಟೇಪಲ್ ಹೊಡೆದು ಬಿಗಿದಿದ್ದಾರೆ, ಮೇಲೆ ಕಪಾಟುಗಳ ಭಾರ ಕೂತಿದೆ, ಕುಗ್ಗಲು ಜಾಗವಿಲ್ಲದ ಹಾಳೆ ನಡುವೆ ಎಲ್ಲೋ ಬಿರಿಯುತ್ತದೆ. ನಮ್ಮ ಸೀಳು ಸ್ಟೇಪಲ್ ಸಾಲೊಂದರಿಂದಲೇ ಹೊರಟು, ಅಳತೆಪಟ್ಟಿ ಇಟ್ಟು ಗೀಚಿದಷ್ಟು ನೇರವಾಗಿ ಸಾಗಿತ್ತು. ಇಂಥ ಸೀಳಿಗೆ ತೇಪೆ ಹಾಕಬಹುದು, ಮೇಲೊಂದು ಚಾಪೆ ಹಾಸಿ ಮರೆಯಲೂಬಹುದು. ಚಾಪೆಯ ತಳ ರಬ್ಬರಿನದಾಗಿರಬಾರದು ಅಷ್ಟೆ. ರಬ್ಬರಿನ ಅಂಶ ವಿನೈಲಿಗೆ ಇಳಿದು, ಏನು ಮಾಡಿದರೂ ಹೋಗದ ಹಳದಿ ಕಲೆ ಬೀಳುತ್ತದೆ.

ಎರಡನೆಯ ಕೇಡು ವಿನೈಲಿನದೇ ಅಲ್ಲ, ನೀರಿನದು. ಈ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದೂ ಇದೇ. ಟ್ರೇಲರಿನ ನೆಲ ಕೊಳೆತಿದ್ದರೆ ಕಾರಣವನ್ನು ನೆಲದಲ್ಲಿ ಹುಡುಕಬಾರದು, ಚಾವಣಿಯಿಂದ ಹುಡುಕಿಕೊಂಡು ಬರಬೇಕು. ರಬ್ಬರ್ ಹಾಳೆಯ ಚಾವಣಿಗೆ ಗಾಳಿಕಿಂಡಿ, ಆಂಟೆನಾ, ಟಾಯ್ಲೆಟ್ ಕೊಳವೆ ಎಂದು ಹತ್ತಾರು ತೂತು ಕೊರೆದಿರುತ್ತಾರೆ. ಪ್ರತಿಯೊಂದರ ಸುತ್ತಲೂ ಸೀಲೆಂಟ್ ಹಾಕಿರುತ್ತಾರೆ. ಅದು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಗೋಡೆ ಮತ್ತು ಚಾವಣಿ ಸೇರುವ ಮೂಲೆಗಳಲ್ಲಿ ಅಲ್ಯೂಮಿನಿಯಂ ಪಟ್ಟಿ, ಅದರಡಿ ನೀರು ನುಗ್ಗದಂತೆ ಬ್ಯುಟೈಲ್ ಎಂಬ ಅಂಟು ರಬ್ಬರಿನ ಟೇಪು, ಅದೂ ಒಣಗುತ್ತದೆ. ಒಳನುಗ್ಗಿದ ನೀರು ಗೋಡೆಯ ಒಳಗಿನ ಕಡ್ಡಿ ಹಿಡಿದು ಇಳಿದು, ಹಲಗೆಯ ಅಂಚಿಗೆ ಬಂದು ನಿಲ್ಲುತ್ತದೆ. ಮೇಲೆ ವಿನೈಲ್ ಇರುವುದರಿಂದ ಆರಲು ದಾರಿಯಿಲ್ಲ. ಕೆಳಗೂ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಸೋರಿ ಹೋಗಲೂ ದಾರಿಯಿಲ್ಲ. ಮರದಲ್ಲಿ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ನಮ್ಮ ಬಾಗಿಲ ಬಳಿ ಎರಡು ಸೂಜಿಯ ತೇವಮಾಪಕವನ್ನು ಚುಚ್ಚಿದಾಗ ಅಂಕಿ 30 ದಾಟಿತು. ನೀರಿಗೆ ಬಲಿಯಾಗದಿರಲೆಂದು ಹಾಕಿದ ವಿನೈಲ್, ನೀರು ಒಂದು ಸಲ ಕೆಳಗೆ ಸೇರಿದರೆ ಅದನ್ನು ಕಾಪಾಡಿಕೊಂಡು ಬರುತ್ತದೆ. ಆದ್ದರಿಂದ ಸೋರಿಕೆ ನಿಲ್ಲಿಸದೆ ಹೊಸ ನೆಲ ಹಾಸುವುದು ದುಡ್ಡು ದಂಡ. ನಮ್ಮಲ್ಲಿ ಅಪರಾಧಿ ಬಾಗಿಲ ಮೇಲೆ ಬಿಸಿಲುತಡಿಕೆ ಕಟ್ಟುವ ಅಲ್ಯೂಮಿನಿಯಂ ಹಳಿ. ಅದರ ತಿರುಪುಗಳು ತುಕ್ಕು ಹಿಡಿದು ತೂತುಗಳು ಅಗಲವಾಗಿದ್ದವು. ಹಳಿಯನ್ನು ಪೂರ್ತಿ ಬಿಚ್ಚಿ, ಹಳೆಯ ಟೇಪನ್ನು ಕೆರೆದು, ಹೊಸದನ್ನು ಕೂರಿಸಿ, ಮಳೆಗಾಗಿ ಕಾದು, ಮಾಪಕದ ಅಂಕಿ ಏರುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ನಾವು ಒಳಗೆ ಚಾಕು ಹಿಡಿದದ್ದು.

ಚಾಕು ಹಿಡಿಯುವ ಮೊದಲು ಟ್ರೇಲರಿನ ವಯಸ್ಸನ್ನು ನೋಡಬೇಕು. ನಮ್ಮದು 2004ರದ್ದಾದ್ದರಿಂದ ಈ ಚಿಂತೆ ಇರಲಿಲ್ಲ. 1980ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ತಯಾರಾದ ಅನೇಕ ವಿನೈಲ್ ಹಾಳೆಗಳ ಬೆನ್ನಿಗೆ ಕಲ್ನಾರಿನ ಪದರ ಇರುತ್ತಿತ್ತು. ಹಾಳೆ ಸುಮ್ಮನೆ ಬಿದ್ದಿರುವಾಗ ತೊಂದರೆಯಿಲ್ಲ. ಕಿತ್ತು ಕೆರೆದು ಉಜ್ಜಿದಾಗ ಎಳೆಗಳು ಗಾಳಿಗೆ ಏರಿ ಶ್ವಾಸಕೋಶ ಸೇರುತ್ತವೆ. 1989ರಲ್ಲಿ ಇಲ್ಲಿನ ಪರಿಸರ ಸಂಸ್ಥೆ ಕಲ್ನಾರಿನ ಬಹುತೇಕ ಉತ್ಪನ್ನಗಳನ್ನು ನಿಷೇಧಿಸಿತು, 1991ರಲ್ಲಿ ನ್ಯಾಯಾಲಯ ಆ ನಿಷೇಧದ ಹೆಚ್ಚಿನ ಭಾಗವನ್ನು ರದ್ದುಪಡಿಸಿತು. ಆದರೆ ನೆಲಹಾಸಿನಡಿಯ ಕಲ್ನಾರು ಪದರದ ಮೇಲಿನ ನಿಷೇಧ ಮಾತ್ರ ಉಳಿದುಕೊಂಡಿತು. ಕಲ್ನಾರು ಶೀಟಿನ ಸೂರುಗಳ ಕೆಳಗೆ ಬೆಳೆದ ನಮಗೆ ಇದು ಅತಿ ಎಚ್ಚರಿಕೆಯಂತೆ ಕಾಣಬಹುದು. ಆದರೂ ಎಪ್ಪತ್ತರ ದಶಕದ ಟ್ರೇಲರನ್ನು ಪ್ರೀತಿಯಿಂದ ಕೊಂಡವರು ಒಂದು ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿಕೊಳ್ಳದೆ ಕೈ ಹಾಕಬಾರದು. ಪರೀಕ್ಷೆಯಲ್ಲಿ ಕಲ್ನಾರು ಕಂಡುಬಂದರೆ ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಹಾಸುವುದು ಸಾಮಾನ್ಯವಾಗಿ ಜಾಣತನ.

ಕೀಳುವ ಕೆಲಸದಲ್ಲಿ ಮುಖ್ಯ ಆಯುಧ ಗರಗಸವಲ್ಲ, ಇಕ್ಕಳ. ವಿನೈಲನ್ನು ಒಂದೂವರೆ ಅಡಿ ಅಗಲದ ಪಟ್ಟಿಗಳಾಗಿ ಕೊಯ್ದು ಸುತ್ತಿಕೊಂಡು ಬಂದರೆ ನಡುಭಾಗ ಸುಲಭವಾಗಿ ಏಳುತ್ತದೆ, ಏಕೆಂದರೆ ನಮ್ಮದರಲ್ಲಿ ಅಲ್ಲಿ ಅಂಟೇ ಇರಲಿಲ್ಲ. ಅಂಚಿಗೆ ಬಂದಾಗ ಹಾಳೆ ಹರಿದು ಕೈಗೆ ಬರುತ್ತದೆ, ಸ್ಟೇಪಲ್‌ಗಳು ಹಲಗೆಯಲ್ಲೇ ಉಳಿಯುತ್ತವೆ, ಪ್ರತಿಯೊಂದರ ಕಾಲಿಗೂ ಬೂದು ಬಣ್ಣದ ಕಾಗದದ ಚೂರು ಅಂಟಿಕೊಂಡಿರುತ್ತದೆ. ಅವುಗಳಲ್ಲಿ ಅರ್ಧದಷ್ಟು ತುಕ್ಕು ಹಿಡಿದು, ಎಳೆದರೆ ಒಂದು ಕಾಲು ಮಾತ್ರ ಬರುತ್ತದೆ, ಇನ್ನೊಂದನ್ನು ಸುತ್ತಿಗೆಯಿಂದ ಒಳಗೆ ಕೂರಿಸಬೇಕಾಗುತ್ತದೆ. ಮಂಡಿಗೆ ದಿಂಬು ಕಟ್ಟಿಕೊಂಡು, ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಂದ ಸ್ಟೇಪಲಿನ ಬೆನ್ನನ್ನು ಮೀಟಿ, ಇಕ್ಕಳವನ್ನು ಒಂದು ಬದಿಗೆ ಉರುಳಿಸಿ ಎಳೆದರೆ ಎರಡೂ ಕಾಲು ಒಟ್ಟಿಗೆ ಬರುತ್ತವೆ. ನೇರಕ್ಕೆ ಎಳೆದರೆ ಮುರಿಯುತ್ತವೆ. ಒಂದೂ ಉಳಿಯಬಾರದು. ಹೊಸ ವಿನೈಲ್ ತೆಳುವಾದಷ್ಟೂ ಕೆಳಗಿನ ಸಣ್ಣ ಮುಳ್ಳು ಕೂಡ ಕೆಲವೇ ತಿಂಗಳಲ್ಲಿ ಮೇಲಕ್ಕೆ ಮೊಳಕೆಯಾಗಿ ಕಾಣಿಸುತ್ತದೆ. ಕಪಾಟುಗಳ ಬುಡದಲ್ಲಿ, ಅಲುಗು ಅತ್ತಿತ್ತ ಕಂಪಿಸುವ ಕೈಯಂತ್ರದಿಂದ ಹಾಳೆಯನ್ನು ಗೆರೆಗೆ ಸರಿಯಾಗಿ ಕೊಯ್ದೆವು. ಕಪಾಟಿನ ಕೆಳಗಿನದು ಅಲ್ಲೇ ಉಳಿಯಿತು. ಹಿರಿಯರ ಮಾತಿನಂತೆ ಕಾಣುವಷ್ಟನ್ನು ಮಾತ್ರ ತೆಗೆದೆವು.

ಬಾಗಿಲ ಬಳಿಯ ಹಲಗೆ ಓಎಸ್‌ಬಿಯದು. ನೆನೆದು ಕೊಳೆತ ಭಾಗ ಅವಲಕ್ಕಿ ನೆನೆಹಾಕಿದಂತೆ ಬೆರಳಿಗೇ ಪದರಪದರವಾಗಿ ಬಿಡಿಸಿಕೊಂಡು ಬಂತು. ಓಎಸ್‌ಬಿ ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಉಬ್ಬಿದ ಅಂಚನ್ನು ಉಜ್ಜಿ ಸಮ ಮಾಡಬಹುದು, ಆದರೆ ಬಲ ಹೋಗಿರುತ್ತದೆ. ಗರಗಸದ ಅಲುಗನ್ನು ಹಲಗೆಯ ದಪ್ಪಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಇಳಿಯದಂತೆ ಹೊಂದಿಸಿ, ಕೊಳೆತ ಭಾಗದಾಚೆಗೆ ಗಟ್ಟಿ ಮರ ಸಿಗುವವರೆಗೂ ಕೊಯ್ಯಬೇಕು. ಹೆಚ್ಚು ಇಳಿಸಿದರೆ ಕೆಳಗೆ ವಿದ್ಯುತ್ ತಂತಿ, ನೀರಿನ ಕೊಳವೆ, ಕೆಲವೆಡೆ ಗ್ಯಾಸ್ ಕೊಳವೆಯೂ ಇರುತ್ತದೆ. ಕೊಯ್ತ ಮರದ ಪಟ್ಟಿಯ ನಡುಮಧ್ಯಕ್ಕೆ ಬಂದರೆ ಹೊಸ ತುಂಡಿಗೂ ಹಳೆಯದಕ್ಕೂ ಅರ್ಧರ್ಧ ಆಧಾರ ಸಿಗುತ್ತದೆ. ಹಾಗೆ ಸಿಗದ ಕಡೆ ಅಡ್ಡಪಟ್ಟಿ ಸೇರಿಸಬೇಕು. ಹಲಗೆಯಡಿ ಚಳಿ ತಡೆಯಲು ತುಂಬಿದ್ದ, ನೆನೆದ ಗಾಜುನಾರಿನ ಹತ್ತಿಯನ್ನು ತೆಗೆದೆಸೆದು, ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರನ್ನು ಒಂದು ವಾರಕ್ಕೂ ಹೆಚ್ಚು ಓಡಿಸಿ, ಉಳಿದ ಮರಕ್ಕೆ ಶಿಲೀಂಧ್ರ ತಡೆಯುವ ಬೋರೇಟ್ ದ್ರಾವಣ ಬಳಿದು, ಆಮೇಲೆ 16 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡನ್ನು ಅಂಟು ಮತ್ತು ತಿರುಪುಗಳಿಂದ ಕೂರಿಸಿದೆವು. ಹಗುರ ಟ್ರೇಲರುಗಳಲ್ಲಿ ಕೆಲವಕ್ಕೆ ಇಂಥ ದಪ್ಪ ಹಲಗೆಯೇ ಇರುವುದಿಲ್ಲ. ಥರ್ಮೊಕೋಲಿನಂಥ ಫೋಮಿನ ಎರಡೂ ಬದಿಗೆ ತೆಳು ಪ್ಲೈ ಅಂಟಿಸಿದ ಪದರ ಮಾತ್ರ. ಅಂಥದ್ದರಲ್ಲಿ ಅಂಟು ಬಿಟ್ಟರೆ ತುಂಡು ಬದಲಿಸುವ ಈ ವಿಧಾನ ನಡೆಯುವುದಿಲ್ಲ.

ಪ್ಲೈವುಡ್ ಕೊಳ್ಳುವಾಗ ನಾನು ಅದರ ಮೇಲಿನ ಮುದ್ರೆಯನ್ನು ಓದಿದೆ. ಕಾರಣವಿದೆ. 2005ರಲ್ಲಿ ಕತ್ರೀನಾ ಚಂಡಮಾರುತದಿಂದ ಮನೆ ಕಳೆದುಕೊಂಡವರನ್ನು ಸರ್ಕಾರ ಸಾವಿರಾರು ಟ್ರೇಲರುಗಳಲ್ಲಿ ಇರಿಸಿತ್ತು. ಕಣ್ಣುರಿ, ಉಸಿರಾಟದ ತೊಂದರೆಯ ದೂರುಗಳು ಹೆಚ್ಚಿದಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 519 ಟ್ರೇಲರು ಮತ್ತು ಗಾಲಿಮನೆಗಳ ಗಾಳಿಯನ್ನು ಪರೀಕ್ಷಿಸಿ, ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಸರಾಸರಿ ಶತಕೋಟಿಗೆ 77 ಭಾಗದಷ್ಟಿದೆ ಎಂದು 2008ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅಗ್ಗದ ಮರದ ಹಲಗೆಗಳ ಅಂಟೇ ಅದರ ಮುಖ್ಯ ಮೂಲಗಳಲ್ಲೊಂದು. ಅಂಥ ಹಲಗೆಗಳಿಂದ ಹೊರಬರುವ ಫಾರ್ಮಾಲ್ಡಿಹೈಡಿಗೆ ಮಿತಿ ಹಾಕುವ ಕೇಂದ್ರ ಕಾನೂನು 2010ರಲ್ಲಿ ಬಂತು. ಕಿಟಕಿ ಮುಚ್ಚಿ ನಾಲ್ವರು ಮಲಗುವ ಪುಟ್ಟ ಪೆಟ್ಟಿಗೆಯಂಥ ಜಾಗಕ್ಕೆ ಯಾವ ಹಲಗೆ, ಯಾವ ಅಂಟು ತರುತ್ತೇವೆ ಎನ್ನುವುದು ದೊಡ್ಡ ಮನೆಗಿಂತ ಹೆಚ್ಚು ಮುಖ್ಯ.

ಇನ್ನು ಹೊಸ ನೆಲ ಯಾವುದಿರಬೇಕು ಎನ್ನುವ ಪ್ರಶ್ನೆ. ಪರಿಚಿತರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೇಳಿದ್ದು ಒಂದೇ: ಮರದಂತೆ ಕಾಣುವ, ಒಂದಕ್ಕೊಂದು ಕಚ್ಚಿಕೊಳ್ಳುವ ಗಟ್ಟಿ ವಿನೈಲ್ ಪಟ್ಟಿಗಳನ್ನು ಹಾಕಿಸಿ. ಮನೆಗೆ ಅದು ಸೊಗಸು, ನಮ್ಮ ಮನೆಯಲ್ಲೂ ಅದೇ ಇದೆ. ಟ್ರೇಲರಿಗೆ ಮಾತ್ರ ಅದು ಬೇಡವೆಂದು ನಾನು ಹಟ ಹಿಡಿದೆ. ಸುಣ್ಣಕಲ್ಲಿನ ಪುಡಿ ಬೆರೆಸಿ ಮಾಡುವ 5 ಮಿಲಿಮೀಟರ್ ಪಟ್ಟಿ ಚದರ ಮೀಟರಿಗೆ ಸುಮಾರು 10 ಕಿಲೋ ತೂಗುತ್ತದೆ. ಹನ್ನೆರಡು ಚದರ ಮೀಟರ್ ನೆಲಕ್ಕೆ 120 ಕಿಲೋ, ಅಂದರೆ ಇಬ್ಬರು ದೊಡ್ಡವರನ್ನು ಸದಾ ಒಳಗೆ ಕೂರಿಸಿಕೊಂಡು ಎಳೆದಂತೆ. ತೆಳು ಹಾಳೆಯದಾದರೆ ಅಷ್ಟೇ ಜಾಗಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋ. ಟ್ರೇಲರಿಗೆ ಎಷ್ಟು ಹೊರೆ ಹೇರಬಹುದೆಂದು ತಯಾರಕರು ಚೀಟಿ ಅಂಟಿಸಿರುತ್ತಾರೆ. ನೀರು, ಗ್ಯಾಸ್ ಸಿಲಿಂಡರ್, ಪಾತ್ರೆ, ಹಾಸಿಗೆ, ಮಕ್ಕಳ ಸೈಕಲ್ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು. ನೆಲಕ್ಕೇ ನೂರು ಕಿಲೋ ಕೊಟ್ಟರೆ ಅಷ್ಟನ್ನು ಬೇರೆಲ್ಲಿಂದಲೋ ಕಳೆಯಬೇಕು.

ತೂಕಕ್ಕಿಂತ ದೊಡ್ಡ ತಕರಾರು ತಾಪಮಾನದ್ದು. ಕಚ್ಚುಪಟ್ಟಿಗಳ ಡಬ್ಬಿಯ ಮೇಲೆ, ಸದಾ ಬೆಚ್ಚಗಿರುವ ಮನೆಯೊಳಗೆ ಮಾತ್ರ ಹಾಸಬೇಕು ಎಂಬರ್ಥದ ಷರತ್ತು ಸಾಮಾನ್ಯವಾಗಿ ಇರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ, ಜುಲೈ ಬಿಸಿಲಲ್ಲಿ ಮುಚ್ಚಿಟ್ಟರೆ ಕುಲುಮೆಯಾಗುವ ಟ್ರೇಲರ್ ಅದಕ್ಕೆ ಹೇಳಿ ಮಾಡಿಸಿದ ವಿರೋಧಿ. ಪಟ್ಟಿಗಳು ಹಿಗ್ಗಿ ಕುಗ್ಗಿ ಸಂದುಗಳು ಬಾಯಿ ಬಿಡುತ್ತವೆ. ಅದರ ಜೊತೆಗೆ ಹೆದ್ದಾರಿಯ ಕುಲುಕಾಟಕ್ಕೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಬಾಯಿ ಬಿಟ್ಟ ಒಂದೊಂದು ಸಂದೂ ನೀರಿಗೆ ಒಂದೊಂದು ದಾರಿ. ಇನ್ನು ಟ್ರೇಲರ್ ನಿಲ್ಲಿಸಿದಾಗ ಜಾಗ ಹೆಚ್ಚಿಸಲು ಹೊರಕ್ಕೆ ಜಾರುವ ಕೋಣೆಯಿದ್ದರಂತೂ ಅದು ಒಳಗೆ ಬರುವಾಗ ನೆಲಕ್ಕೂ ಅದರ ತಳಕ್ಕೂ ನಡುವಿನ ಅಂತರ ಬೆರಳಗಲವೂ ಇರುವುದಿಲ್ಲ. ದಪ್ಪ ಪಟ್ಟಿ ಹಾಕಿದರೆ ಕೋಣೆ ಅದನ್ನು ಕೆರೆದುಕೊಂಡೇ ಒಳಗೆ ಬರುತ್ತದೆ. ನೆಲ ಎತ್ತರವಾದರೆ ಟಾಯ್ಲೆಟ್ ಕೂರುವ ಬಳೆ ತಗ್ಗಿಗೆ ಬೀಳುತ್ತದೆ, ಅಲ್ಲಿಂದ ಸೋರಿಕೆ. ಇಷ್ಟೆಲ್ಲ ನೋಡಿದ ಮೇಲೆ, ಕಾರ್ಖಾನೆಯವರು ಹಾಸಿದ್ದ ತೆಳು ಹಾಳೆಯ ಆಯ್ಕೆ ತಪ್ಪಲ್ಲ, ಅದನ್ನು ಬಿಗಿದ ರೀತಿ ತಪ್ಪು ಎಂದು ನನಗೆ ಅನ್ನಿಸಿತು. ಒಳಪದರದಲ್ಲಿ ಗಾಜುನಾರು ಇರುವ ಹಾಳೆ ಚಳಿ ಸೆಕೆಗೆ ಹಳೆಯದರಷ್ಟು ಕುಗ್ಗಿ ಹಿಗ್ಗುವುದಿಲ್ಲ, ಸುರುಳಿ ಬಿಚ್ಚಿದರೆ ಸಪಾಟಾಗಿ ಮಲಗುತ್ತದೆ, ಅಂಚುಗಳಿಗೆ ಸ್ಟೇಪಲ್ ಬೇಕಾಗುವುದಿಲ್ಲ. ಅದನ್ನೇ ತಂದೆವು.

ಹಾಸುವ ಕೆಲಸದಲ್ಲಿ ಹೇಳಬೇಕಾದದ್ದು ಕಾಗದದ ನಕ್ಷೆಯ ವಿಷಯ ಮಾತ್ರ. ನೆಲದ ಅಳತೆ ತೆಗೆದು ಹಾಳೆ ಕತ್ತರಿಸಿದರೆ ಟ್ರೇಲರಿನಲ್ಲಿ ಯಾವ ಮೂಲೆಯೂ ಕೂಡುವುದಿಲ್ಲ, ಏಕೆಂದರೆ ಯಾವ ಮೂಲೆಯೂ ಲಂಬಕೋನವಲ್ಲ. ದಪ್ಪ ಕಾಗದವನ್ನು ಗೋಡೆಯಿಂದ ಸ್ವಲ್ಪ ಬಿಟ್ಟು ಹಾಸಿ, ನಡುನಡುವೆ ಕಿಟಕಿಯಂತೆ ಚೌಕ ಕೊರೆದು, ಆ ಚೌಕದ ಮೇಲೆ ಟೇಪು ಹಚ್ಚಿ ಕಾಗದ ಜರುಗದಂತೆ ನೆಲಕ್ಕೆ ಹಿಡಿಸಬೇಕು. ನಂತರ ಒಂದು ಇಂಚಿನ ಮರದ ತುಂಡನ್ನು ಗೋಡೆಗೆ, ಕಪಾಟಿಗೆ, ಟಾಯ್ಲೆಟ್ ಬಳೆಗೆ ಒತ್ತಿ ಹಿಡಿದು ಅದರ ಇನ್ನೊಂದು ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಸುತ್ತು ಬರಬೇಕು. ಕಾಗದವನ್ನು ಹೊರಗೆ ಅಂಗಳದಲ್ಲಿ ವಿನೈಲಿನ ಮೇಲೆ ಹಾಸಿ, ಅದೇ ಮರದ ತುಂಡನ್ನು ಗೆರೆಯ ಹೊರಗಿಟ್ಟು ಮತ್ತೆ ಗುರುತು ಹಾಕಿದರೆ ಗೋಡೆಯ ಪ್ರತಿಯೊಂದು ಡೊಂಕೂ ಹಾಳೆಗೆ ಇಳಿಯುತ್ತದೆ. ನಮ್ಮವರು ಗೆರೆ ಎಳೆದರು, ನಾನು ಕೊಯ್ದೆ. ಬಿಸಿಲಿಗೆ ಹಾಳೆ ಮೆತ್ತಗಾಗಿದ್ದರಿಂದ ಚಾಕು ಸಲೀಸಾಗಿ ಓಡಿತು. ಹಲಗೆಯ ಸಂದುಗಳಿಗೆ, ತಿರುಪಿನ ಗುಳಿಗಳಿಗೆ ಸಿಮೆಂಟು ಮಾದರಿಯ ಪುಟ್ಟಿ ತುಂಬಿ ಉಜ್ಜಿಯಾಗಿತ್ತು. ಹಾಳೆಯನ್ನು ಮಡಚದೆ, ಸಡಿಲ ಸುರುಳಿಯಾಗಿ ಬಾಗಿಲಿಂದ ಒಳಗೆ ಸಾಗಿಸುವುದಕ್ಕೆ ನಾಲ್ಕು ಕೈ ಸಾಲದೆ ಹಿರಿಯರೂ ಬಂದು ಹಿಡಿದರು.

ಅಂಚಿನಲ್ಲಿ ಸುತ್ತಲೂ ಕಾಲಿಂಚು ಜಾಗ ಬಿಟ್ಟು, ಕಾಲು ವೃತ್ತದಾಕಾರದ ಮರದ ಬೀಡಿಂಗಿನಿಂದ ಮುಚ್ಚಿದ್ದೇವೆ. ಬೀಡಿಂಗಿನ ಮೊಳೆ ಕಪಾಟಿಗೆ ಹೋಗಬೇಕು, ನೆಲಕ್ಕಲ್ಲ. ನೆಲಕ್ಕೆ ಹೊಡೆದರೆ ಹಾಳೆಯನ್ನು ಮತ್ತೆ ಬಿಗಿದಂತಾಗುತ್ತದೆ. ಅಂಟು ಬಳಿದದ್ದು ಬಾಗಿಲ ಬಳಿ ಮತ್ತು ಬಚ್ಚಲಿನಲ್ಲಿ ಮಾತ್ರ. ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿಯಡಿಗೆ ಧಾರಾಳವಾಗಿ ಸೀಲೆಂಟ್ ಹಾಕಿ, ಟಾಯ್ಲೆಟ್ಟಿಗೆ ಹೊಸ ರಬ್ಬರ್ ಬಳೆ ಕೊಟ್ಟು ಎರಡು ನಟ್ಟುಗಳನ್ನು ಸಮಸಮವಾಗಿ ಬಿಗಿದೆವು. ಫ್ರಿಜ್ಜಿನ ಕೆಳಗೆ, ಮಂಚದ ಪೆಟ್ಟಿಗೆಯ ಕೆಳಗೆ, ಅಡುಗೆಕಟ್ಟೆಯ ಕೆಳಗೆ 2004ರ ಹಳೆಯ ಹಾಳೆ ತನ್ನ ಕಂದು ಚೌಕಳಿಗಳೊಂದಿಗೆ ಹಾಗೆಯೇ ಇದೆ. ನಾವು ಮಾರಿದ ಮೇಲೆ ಯಾರಾದರೂ ಕಪಾಟು ಬಿಚ್ಚಿದರೆ ಅವರಿಗೆ ಸಿಗಲಿ. ಚಾವಣಿಯ ಸೀಲೆಂಟನ್ನು ಈಗ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ ಏಣಿ ಹಾಕಿ ನೋಡುತ್ತೇವೆ. ತೇವಮಾಪಕ ಸಿಂಕಿನ ಕೆಳಗಿನ ಖಾನೆಯಲ್ಲಿ ಬೀಗದ ಕೈಗಳ ಜೊತೆಗಿದೆ. ಹೋದ ಮಳೆಗೆ ಬಾಗಿಲ ಬಳಿಯ ಬೀಡಿಂಗಿನ ಹಿಂದೆ ಚುಚ್ಚಿದಾಗ ಅದು ತೋರಿಸಿದ್ದು 11.